ಒಂದೇಟಿನವನ ಬಳ್ಳಿಯಲ್ಲಿ ಎರಡು ಕಾಯಿ

ಅವನಿಗೂ ಹೆತ್ತವರಿಟ್ಟ ಹೆಸರೊಂದಿತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಅವನು ನೆಟ್ಟಗೆ ಹೋಗಿಬಿಡುತ್ತಿದ್ದ. ಬೀದಿಗೆಲ್ಲ ಅವನು ಒಂದೇಟು. ಚಿಕ್ಕವರಿಗೆ ಒಂದೇಟಣ್ಣ. ಹೆಂಡತಿಗೆ ಮಾತ್ರ ‘ರೀ’.

ಆ ಹೆಸರು ಬಂದ ಬಗೆ ಹೇಳಬೇಕು. ಅವನಪ್ಪ ಕಸಾಯಿಖಾನೆಯಲ್ಲಿ ಚರ್ಮ ಸುಲಿಯುವವನು. ಮಗನಿಗೆ ಇನ್ನೂ ಮೀಸೆ ಮೂಡುವ ಮುಂಚೆಯೇ ನೆಲ ತೊಳೆಯುವ ಕೆಲಸಕ್ಕೆ ಹಚ್ಚಿದ. ಆಗ ದನ ಕೆಡವಲು ಒಬ್ಬ ಸುತ್ತಿಗೆಯವನಿದ್ದ, ಕುಡುಕ. ಅವನ ಕೈಯಲ್ಲಿ ಯಾವ ದನವೂ ಮೊದಲ ಏಟಿಗೆ ಬಿದ್ದದ್ದಿಲ್ಲ. ಒಂದು ಬೆಳಿಗ್ಗೆ ಹೋರಿಯೊಂದು ಅರ್ಧ ಮುಖ ಜಜ್ಜಿಸಿಕೊಂಡು, ಒಂದು ಕಣ್ಣು ಜೋತಾಡಿಸಿಕೊಂಡು, ಹಗ್ಗ ಹರಿದುಕೊಂಡು ನುಗ್ಗಿತು. ದನ ಹಿಡಿದು ನಿಲ್ಲಿಸುವ ಹಗ್ಗದವನನ್ನು ಗೋಡೆಗೆ ಒತ್ತಿ ಹಿಡಿದು ಪಕ್ಕೆಲುಬು ಮುರಿಯಿತು. ಮುರಿದ ಸದ್ದು ಆಚೆ ಬೀದಿಗೂ ಕೇಳಿತು ಅನ್ನುವವರಿದ್ದಾರೆ. ಅಷ್ಟಿರಲಿಕ್ಕಿಲ್ಲ, ಆದರೆ ಒಳಗಿದ್ದವರೆಲ್ಲ ಕೇಳಿದ್ದು ನಿಜ. ಎಲ್ಲರೂ ದಿಕ್ಕಾಪಾಲಾದರು. ನೆಲ ತೊಳೆಯುತ್ತಿದ್ದವನು ಪೊರಕೆ ಬಿಟ್ಟು, ರಕ್ತದಲ್ಲಿ ಬಿದ್ದಿದ್ದ ಸುತ್ತಿಗೆ ಎತ್ತಿಕೊಂಡು, ಹೋರಿಯ ಎದುರಿಗೇ ಹೋಗಿ ನಿಂತ. ಎಡಗೊಂಬಿನ ಬುಡದಿಂದ ಬಲಗಣ್ಣಿಗೆ, ಬಲಗೊಂಬಿನ ಬುಡದಿಂದ ಎಡಗಣ್ಣಿಗೆ ಗೆರೆ ಎಳೆದರೆ ಎರಡೂ ಎಲ್ಲಿ ಕೂಡುತ್ತವೋ ಅಲ್ಲಿ ಒಂದು ಕೊಟ್ಟ. ಹೋರಿ ಬುಡ ಕಡಿದ ಮರದ ಹಾಗೆ ಉರುಳಿತು.

ಆವತ್ತಿನಿಂದ ಸುತ್ತಿಗೆ ಅವನದಾಯಿತು. ಅವನಿಗೆ ಒಂದೇ ಒಂದು ನೇಮ: ಎರಡನೇ ಏಟು ಕೂಡದು. ಎರಡನೇ ಏಟು ಬಿತ್ತೆಂದರೆ ಅದು ಕೆಲಸವಲ್ಲ, ಹಿಂಸೆ. ಹಾಗಂತ ಅವನು ಬಾಯಿಬಿಟ್ಟು ಹೇಳಿದ್ದು ಕಡಿಮೆ. ಮಾತು ಅವನಿಗೆ ಬೂಟಿನೊಳಗೆ ಸೇರಿದ ಕಲ್ಲಿದ್ದ ಹಾಗೆ, ಆದಷ್ಟು ಬೇಗ ಕೊಡವಿಬಿಡಬೇಕು.

ಮದುವೆಯಾದದ್ದು ಇಸ್ತ್ರಿ ಅಂಗಡಿಯವಳನ್ನು. ಅವನ ಬಟ್ಟೆಗೆ ಹತ್ತಿದ ರಕ್ತದ ವಾಸನೆಗೆ ಮೂಗು ಮುಚ್ಚಿಕೊಳ್ಳದೆ ಮಡಿಕೆ ಹಾಕಿ ಕೊಟ್ಟ ಮೊದಲ ಹೆಂಗಸು ಅವಳೇ. ಅವಳ ತಮ್ಮನಿಗೆ ಈ ಸಂಬಂಧ ಒಗ್ಗಲಿಲ್ಲ. ಅವನು ಲಾರಿ ನಿಲ್ದಾಣದ ಪಕ್ಕ ಪಂಕ್ಚರ್ ಅಂಗಡಿ ಇಟ್ಟವನು. ಮೈಯೂ ಹಾಗೇ ಉಂಗುರ ಉಂಗುರ. ಅದಕ್ಕೇ ಎಲ್ಲರೂ ಅವನನ್ನು ಟಯರು ಅನ್ನುತ್ತಿದ್ದರು. ಮದುವೆಯ ದಿನವೇ ಭಾವನ ಹುಬ್ಬಿಗೆ ಸ್ಪ್ಯಾನರಿನಿಂದ ಹೊಡೆದು ಅಲ್ಲಿ ಎಂದೂ ಕೂದಲು ಹುಟ್ಟದ ಹಾಗೆ ಮಾಡಿದ. ಅಂದಿನಿಂದ ಒಮ್ಮೆಯೂ ‘ನೀವು’ ಅಂದವನಲ್ಲ.

ಇನ್ನು ಕುಂಬಳದ ಮಾತು. ಆ ಬೀದಿಯ ಮನೆಗಳ ಹಿಂದೆ ರೈಲುಹಳಿಯ ತನಕ ಉದ್ದನೆಯ ಹಿತ್ತಿಲುಗಳು. ಒಂದೊಂದು ಹಿತ್ತಿಲಲ್ಲೂ ಒಂದೊಂದು ಆನೆಗುಂಬಳದ ಬಳ್ಳಿ. ತಿನ್ನುವುದಕ್ಕಲ್ಲ, ಅದನ್ನು ಬೇಯಿಸಿದರೆ ಒದ್ದೆ ಗೋಣಿಚೀಲ ಅಗಿದ ಹಾಗಿರುತ್ತದೆ. ಬೆಳೆಸುವುದು ತೂಗಲಿಕ್ಕೆ. ಬೇಸಿಗೆ ಮುಗಿಯುವ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಕಾಯನ್ನು ಟಾರ್ಪಾಲಿನಲ್ಲಿ ಕಟ್ಟಿ, ಎಂಟು ಹತ್ತು ಜನ ಸೇರಿ ಹೊತ್ತು, ಲಾರಿ ತೂಗುವ ಕಟ್ಟೆಗೆ ತರುತ್ತಿದ್ದರು. ಗೆದ್ದವನಿಗೆ ಸಿಗುತ್ತಿದ್ದದ್ದು ಒಂದು ತಗಡಿನ ಬಿಲ್ಲೆ. ಆದರೆ ಆ ಬಿಲ್ಲೆಗೋಸ್ಕರ ಹಲ್ಲು ಮುರಿದವರಿದ್ದರು, ಒಬ್ಬನ ಕಿವಿಯ ತುದಿ ಇನ್ನೊಬ್ಬನ ಬಾಯಲ್ಲಿ ಉಳಿದದ್ದೂ ಇತ್ತು. ಮಗ್ಗುಲ ಹಿತ್ತಿಲ ಬಳ್ಳಿಗೆ ಕುದಿಯುವ ನೀರು ಸುರಿದ ಹೆಂಗಸು ಈಗಲೂ ತಲೆಯೆತ್ತಿಕೊಂಡೇ ತಿರುಗುತ್ತಿದ್ದಳು. ಒಂದೇಟಿನವನಿಗೆ ಇಲ್ಲೊಂದು ಅನುಕೂಲ: ಕಸಾಯಿಖಾನೆಯ ರಕ್ತ, ಮೂಳೆಯ ಪುಡಿ ಬಕೆಟ್ಟಿಗಟ್ಟಲೆ ಸಿಗುತ್ತಿತ್ತು. ಅವನ ಮಣ್ಣು ಕಪ್ಪಗೆ, ಕೈಯಲ್ಲಿ ಹಿಡಿದರೆ ಅಂಟುವಂತಿತ್ತು.

ಆ ವರ್ಷ ಮಾತ್ರ ಪಂತ ಬಿಲ್ಲೆಯದ್ದಾಗಿರಲಿಲ್ಲ. ಅತ್ತೆಯದ್ದಾಗಿತ್ತು.

ಅತ್ತೆ, ಅಂದರೆ ಹೆಂಡತಿಯ ತಾಯಿ, ಇದ್ದದ್ದು ಮಗ ಟಯರಿನ ಮನೆಯಲ್ಲಿ. ಒಣಗಿದ ಮೆಣಸಿನಕಾಯಿಯಂಥ ಮುದುಕಿ: ಹಗುರ, ಖಾರ. ಬಾಯಿ ಸುಮ್ಮನಿರದು. ಮಗನ ಕೈಯೂ ಸುಮ್ಮನಿರುತ್ತಿರಲಿಲ್ಲ. ಮೊದಮೊದಲು ತಟ್ಟೆ ಎಸೆಯುತ್ತಿದ್ದ, ಆಮೇಲೆ ತಳ್ಳುತ್ತಿದ್ದ, ಆಮೇಲಾಮೇಲೆ ಹೊಡೆಯತೊಡಗಿದ. ಮಗಳು ಇಸ್ತ್ರಿ ಮಾಡಿದ ಸೀರೆ ಕೊಡಲು ಹೋದಾಗ ತಾಯಿಯ ಕುತ್ತಿಗೆಯ ಮೇಲೆ ಬೆರಳಿನ ಗುರುತು ಕಂಡಳು, ನೀಲಿ, ಎಣಿಸಬಹುದಾದಷ್ಟು ಸ್ಪಷ್ಟ. ಮನೆಗೆ ಬಂದು ಗಂಡನಿಗೆ ಒಂದೇ ಮಾತು ಹೇಳಿದಳು, ಅಮ್ಮನ ಕುತ್ತಿಗೆ ಹಿಡಿದಿದ್ದಾನೆ ಅಂತ. ಊಟಕ್ಕೆ ಕೂತಿದ್ದವನು ಎಂಜಲು ಕೈಯಲ್ಲೇ ಎದ್ದು ಪಂಕ್ಚರ್ ಅಂಗಡಿಗೆ ಹೋದ.

ಅಲ್ಲಿ ಆದದ್ದನ್ನು ಲಾರಿಯವರು ಬಹಳ ದಿನ ಹೇಳಿಕೊಂಡು ನಕ್ಕರು. ಟಯರು ಚಕ್ರ ಬಿಚ್ಚುವ ಸಲಾಕೆ ಬೀಸಿದ. ಅದು ಒಂದೇಟಿನವನ ಹೆಗಲಿಗೆ ಬಿದ್ದು ಅದರೊಳಗೆ ಏನೋ ಕಳಚಿತು. ಒಂದೇಟು ಇನ್ನೊಂದು ಕೈಯಲ್ಲಿ ಅವನ ಮೂಗನ್ನು ಮುಖಕ್ಕೆ ಸಮ ಮಾಡಿದ. ಇಬ್ಬರೂ ಗ್ರೀಸು ರಕ್ತ ಎರಡೂ ಬಳಿದುಕೊಂಡು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕೂತರು, ಮದುವೆ ಮನೆಯ ಬೀಗರ ಹಾಗೆ. ಇನ್ಸ್‌ಪೆಕ್ಟರು ಮುದುಕಿಯನ್ನೂ ಕರೆಸಿ ಕೇಳಿದ. ಮುದುಕಿ ಕತ್ತಿನ ಸುತ್ತ ಸೆರಗು ಬಿಗಿದುಕೊಂಡು, ಬಾಗಿಲು ತಗುಲಿತು ಅಂದಳು. ಮಗಳು ಮನೆಗೆ ಬಾ ಅಂತ ಗೋಗರೆದರೆ, ಮಗ ಬದುಕಿರುವಾಗ ಅಳಿಯನ ಮನೆಯಲ್ಲಿ ತಟ್ಟೆ ಹಿಡಿದು ಕೂತರೆ ಊರು ನನ್ನ ಮಗನ ಮುಖಕ್ಕೆ ಉಗಿಯುತ್ತೆ, ಅವನಾಗಿ ಕಳಿಸಿದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಅಂದಳು. ಇನ್ಸ್‌ಪೆಕ್ಟರು ಇಬ್ಬರಿಗೂ, ಇನ್ನೊಮ್ಮೆ ಕೈ ಎತ್ತಿದರೆ ಇಬ್ಬರನ್ನೂ ಒಳಗೆ ಹಾಕಿ ತಾನೇ ಮೂಳೆ ಮುರಿಯುವುದಾಗಿ ಹೇಳಿ ಓಡಿಸಿದ.

ಠಾಣೆಯ ಮೆಟ್ಟಿಲ ಮೇಲೆ ಟಯರು ಮೂಗಿಗೆ ಒತ್ತಿದ್ದ ಬಟ್ಟೆ ತೆಗೆದು ನಕ್ಕ.

“ಕೈ ಎತ್ತೋ ಹಾಗಿಲ್ಲ ಅಂದ್ರಲ್ಲ ಭಾವ. ಕುಂಬಳಕಾಯಿ ಎತ್ತೋಣ. ತೂಕದ ದಿನ ನಿಂದು ನಂದಕ್ಕಿಂತ ಒಂದು ಗುಲಗಂಜಿ ಹೆಚ್ಚು ಬರ್ಲಿ, ಅಮ್ಮನ್ನ ನಾನೇ ನಿನ್ನ ಬಾಗಿಲಿಗೆ ತಂದು ಬಿಡ್ತೀನಿ. ಬರಲಿಲ್ಲ ಅಂದ್ರೆ ನೀನೂ ನಿನ್ನ ಹೆಂಡ್ತಿಯೂ ನಮ್ಮ ಹೊಸಿಲು ಮೆಟ್ಟಬಾರದು. ಆಗುತ್ತಾ?”

ಮುದುಕಿ ಅಲ್ಲೇ ನಿಂತಿದ್ದಳು. ಅಳಿಯನ ಕಡೆ ನೋಡಿದಳು. ಮಗನ ಮುಖವೂ ಉಳಿದು, ತನ್ನ ಜೀವವೂ ಉಳಿಯುವ ದಾರಿಯೆಂದರೆ ಅದೊಂದೇ ಅಂತ ಅವಳಿಗೂ ಅನ್ನಿಸಿರಬೇಕು. ಒಂದೇಟು ಕಳಚಿದ ಹೆಗಲನ್ನು ಹಿಡಿದುಕೊಂಡು, ಆಗಲಿ ಅಂದ.

ಹೆಂಡತಿ ಅಂಗಡಿಗೆ ಹೋಗಿ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಎಷ್ಟು ಜೋರಾಗಿ ಕುಕ್ಕಿದಳೆಂದರೆ ಮೇಜಿನ ಕಾಲು ಸಡಿಲಾಯಿತು.

ಬಳ್ಳಿ ಚೆನ್ನಾಗಿ ಹಬ್ಬಿತು. ಎಲೆಗಳು ಕೊಡೆಯಷ್ಟಗಲ. ಬೆಳ್ಳಂಬೆಳಿಗ್ಗೆ ಹೆಣ್ಣುಹೂವು ಬಾಯಿಬಿಡುವ ಹೊತ್ತಿಗೆ ಒಂದೇಟು ಗಂಡುಹೂವು ಕಿತ್ತು ತಂದು ತಾನೇ ಮುಟ್ಟಿಸಿದ. ಮೂರು ಹೀಚು ಕಚ್ಚಿದವು. ಈಗ ಬಂತು ನೋಡಿ ಪೀಕಲಾಟ.

ಆ ಬೀದಿಯಲ್ಲಿ ಒಂದು ಕ್ರಮ ಇತ್ತು. ಹೀಚುಗಳು ಆಳಿನ ತಲೆಯಷ್ಟು ಗಾತ್ರ ಬಂದಾಗ ದಿನಾ ದಾರ ಸುತ್ತಿ ಅಳೆದು, ಯಾವುದು ಜೋರಾಗಿ ಊದುತ್ತದೋ ಅದೊಂದನ್ನು ಉಳಿಸಿಕೊಂಡು ಮಿಕ್ಕವನ್ನು ತೊಟ್ಟಿಗೇ ಕೊಯ್ದುಬಿಡುವುದು. ಇದಕ್ಕೆ ಅವರು ಗಂಟಲು ಕೊಯ್ಯೋದು ಅನ್ನುತ್ತಿದ್ದರು. ಗಂಟಲು ಕೊಯ್ದೆಯಾ, ಇನ್ನೂ ಇಲ್ಲವಾ, ಎಷ್ಟು ಬಿಟ್ಟಿದ್ದೀಯ: ಆ ದಿನಗಳಲ್ಲಿ ನಲ್ಲಿಯ ಹತ್ತಿರ, ಕ್ಷೌರದಂಗಡಿಯಲ್ಲಿ, ಹೆಣ ಹೊತ್ತು ಹೋಗುವಾಗ ಕೂಡ ಅದೇ ಮಾತು. ಟಯರು ಮೊದಲ ವಾರವೇ ಕೊಯ್ದು ಒಂದನ್ನು ಉಳಿಸಿಕೊಂಡ. ಕೊಯ್ದ ಹೀಚುಗಳನ್ನು ಭಾವನ ಬಾಗಿಲ ಮುಂದೆ ಎಸೆದು, ಬೂಟಿನಲ್ಲಿ ತುಳಿದು ಹೋದ.

ಒಂದೇಟಿಗೆ ಕೈ ಬರಲಿಲ್ಲ.

ನಂಬುತ್ತೀರೋ ಬಿಡುತ್ತೀರೋ. ದಿನಾ ಬೆಳಿಗ್ಗೆ ಉಸಿರಾಡುವ, ಕಣ್ಣು ಪಿಳಿಪಿಳಿ ಬಿಡುವ, ಬೆದರಿ ಸಗಣಿ ಹಾಕುವ ಜೀವಗಳನ್ನು ಸಾಲಾಗಿ ಕೆಡವಿ ಬರುವವನು, ಮಧ್ಯಾಹ್ನ ಹಿತ್ತಿಲಲ್ಲಿ ಕೂತು, ಕೈಯಲ್ಲಿ ಸಣ್ಣ ಚೂರಿ ಹಿಡಿದು, ಆ ತೊಟ್ಟು ನೋಡುತ್ತಾನೆ, ಈ ತೊಟ್ಟು ನೋಡುತ್ತಾನೆ, ಚೂರಿ ಮಡಚಿ ಜೇಬಿಗೆ ಹಾಕುತ್ತಾನೆ. ಹಗ್ಗದವನಿಗೆ ಇದು ಗೊತ್ತಾಗಿ, ಪಕ್ಕೆಲುಬು ಮುರಿದಾಗಿನಿಂದ ಜೋರಾಗಿ ನಗಲಾರದವನು ಪಕ್ಕೆ ಹಿಡಿದುಕೊಂಡೇ ನಕ್ಕ. ಕಸಾಯಿಖಾನೆಯವರೆಲ್ಲ ಅವನನ್ನು ಸಸ್ಯಾಹಾರಿ ಅಂತ ಕೆಣಕಿದರು. ಮೂರರಲ್ಲಿ ಒಂದು ತಾನಾಗಿಯೇ ಹಳದಿ ತಿರುಗಿ ಉದುರಿದ ದಿನ ಅವನ ಎದೆ ಹಗುರಾಯಿತು. ಉಳಿದವು ಎರಡು. ಗೋಡೆಯ ಕಡೆಯದು ದೊಡ್ಡದು, ಹಳಿಯ ಕಡೆಯದು ಒಂದು ಗೇಣು ಹಿಂದೆ.

ಇಂಥ ವಿಷಯದಲ್ಲಿ ಬೀದಿಯೆಲ್ಲ ಕೇಳುತ್ತಿದ್ದದ್ದು ಉಪ್ಪಿನಜ್ಜನನ್ನು. ಹಸಿ ಚರ್ಮಕ್ಕೆ ಉಪ್ಪು ತಿಕ್ಕಿ ತಿಕ್ಕಿ ಅಂಗೈ ಸೀಳಿ ಬೆಳ್ಳಗಾಗಿದ್ದ ಮುದುಕ. ಅವನು ಬಂದು ಎರಡನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಒಂದನ್ನು ತೆಗಿ ಅಂದ.

“ಅಜ್ಜಾ, ಒಂದೇ ಬಿಟ್ಟು ಅದು ಕೊಳೆತರೆ?”

“ಕೊಳೆತರೆ ಕೊಳೀತು. ಎರಡು ಬಿಟ್ಟು ಎರಡೂ ಸೋತರೆ?”

ಒಂದೇಟು ಕಾರಣ ಹುಡುಕತೊಡಗಿದ. ಟಯರು ಯಾರ ಕೈಯಲ್ಲಾದರೂ ಒಂದಕ್ಕೆ ಸ್ಕ್ರೂಡ್ರೈವರ್ ಚುಚ್ಚಿಸಿಬಿಟ್ಟರೆ ಇನ್ನೊಂದಾದರೂ ಇರಲಿ ಅಂತ ಹೇಳಿದ. ಇಲಿ ಅಂದ, ಬಿಸಿಲು ಅಂದ. ಅಜ್ಜ ಇವನ ಮುಖ ನೋಡಿಕೊಂಡು ಎಲ್ಲ ಕೇಳಿಸಿಕೊಂಡ. ಹೊರಡುವಾಗ, ತಡವಾದ ಮೇಲೆ ತೆಗೆಯುವ ಮನಸ್ಸಾದರೆ ನನ್ನನ್ನು ಕರಿ, ಆಮೇಲಿನದ್ದರ ರೀತಿಯೇ ಬೇರೆ ಅಂದು ಹೋದ. ಒಂದೇಟು ಹೂಂ ಅಂದ. ಅದು ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ನಿಜ ಸಂಗತಿ ಇಷ್ಟೇ. ಜಗತ್ತಿನಲ್ಲಿ ಆ ಹಿತ್ತಿಲೊಂದೇ ಅವನು ಏನನ್ನೂ ಕೊಲ್ಲದ ಜಾಗ. ಅದನ್ನು ಹಾಗೇ ಇಟ್ಟುಕೊಳ್ಳಬೇಕು ಅನ್ನುವ ಆಸೆ. ಆದರೆ ಅತ್ತೆಯ ಕುತ್ತಿಗೆಯ ಮೇಲಿನ ನೀಲಿ ಬೆರಳುಗಳ ಎದುರಿಗೆ ಇಂಥ ಆಸೆಯನ್ನು ಯಾವ ಬಾಯಲ್ಲಿ ಹೇಳುವುದು?

ಹೆಂಡತಿ ಹೇಳಿದ್ದು ಒಂದೇ ಸಲ. “ಒಂದೇ ಬಿಡಿ ರೀ. ನೀವು ಎರಡಕ್ಕೂ ನೀರು ಹಾಕ್ತಾ ಕೂತಿರಿ, ಅಲ್ಲಿ ನನ್ನ ತಾಯಿ ಒಂದೇ ಜೀವ ಇಟ್ಕೊಂಡು ಕಾಯ್ತಿದ್ದಾಳೆ.” ಆಮೇಲೆ ಹಿತ್ತಿಲ ಕಡೆಗೆ ತಲೆ ಹಾಕಲಿಲ್ಲ.

ಬಿಸಿಲು ಏರಿತು. ಎರಡೂ ಕಾಯಿ ಬೆಳೆದವು, ಆದರೆ ಒಂದನ್ನೊಂದು ತಿಂದುಕೊಂಡು ಬೆಳೆದವು. ದೊಡ್ಡದು ಒಂದು ದಿನ ಉಬ್ಬಿದರೆ ಮರುದಿನ ನಿಂತುಬಿಡುತ್ತಿತ್ತು, ಸಣ್ಣದು ಮುಂದೆ ಬರುತ್ತಿತ್ತು. ಅಲ್ಲಿ ಟಯರಿನ ಕಾಯಿ ಮಲಗಿದ ಎಮ್ಮೆಯಷ್ಟಾಗಿದೆ ಅಂತ ಸುದ್ದಿ. ತಾಯಿಯನ್ನು ನೋಡಲು ಹೋದ ಮಗಳು ಸುದ್ದಿ ನಿಜವೆಂದು ಕಣ್ಣಾರೆ ಕಂಡಳು. ಬಿಸಿಲಿಗೆ ಸಿಪ್ಪೆ ಬಿರುಸಾಗದಿರಲಿ ಅಂತ ತಮ್ಮ ಅದಕ್ಕೆ ಹೊದಿಕೆ ಹೊದೆಸಿದ್ದ. ಅದು ತಾಯಿಯ ಹಾಸಿಗೆಯ ಹೊದಿಕೆ. ಒಳಗೆ ಮುದುಕಿ ಬರೀ ಚಾಪೆಯ ಮೇಲೆ, ಬಲಗೈಯ ಎರಡು ಬೆರಳನ್ನು ಚಿಂದಿಯಲ್ಲಿ ಸುತ್ತಿಕೊಂಡು ಕೂತಿದ್ದಳು. ಇದಕ್ಕೂ ಬಾಗಿಲೇ ಕಾರಣ. ಆ ಮನೆಯ ಬಾಗಿಲುಗಳಿಗೆ ಅಷ್ಟು ಕೋಪ.

ಒಂದು ಸಂಜೆ ಒಂದೇಟು ಕೆಲಸ ಮುಗಿಸಿ ಬರುವಾಗ ತರಕಾರಿ ಗಾಡಿಯವಳು ಅಡ್ಡ ನಿಂತಳು. ನಿನ್ನ ಅತ್ತೆಯನ್ನು ಮಗ ಕೂದಲು ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದ, ಬಳ್ಳಿಗೆ ನೀರು ಬಿಡೋದು ಮರೆತಳಂತೆ, ಬಕೆಟ್ಟಿನಲ್ಲೇ ತಲೆಗೆ ಕೊಟ್ಟ, ನಾನು ಬೇಲಿಯಿಂದ ನೋಡಿದೆ, ಕೂಗಿದರೆ ನನಗೂ ಸಲಾಕೆ ತೋರಿಸಿದ ಅಂದಳು.

ಒಂದೇಟು ಟಯರಿನ ಮನೆಗೆ ಹೋಗಲಿಲ್ಲ. ಹೋಗಬೇಕಾಗಿತ್ತು, ಅದನ್ನು ಅವನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಆದರೆ ಆ ಗಳಿಗೆಯಲ್ಲಿ ಅವನ ತಲೆಯೊಳಗೆ ಇದ್ದದ್ದು ಠಾಣೆಯ ಮೆಟ್ಟಿಲ ಮೇಲೆ ಆಡಿದ ಮಾತು. ಗೆದ್ದರೆ ತಾನೇ ಬರುವುದು. ಗೆಲ್ಲಬೇಕು. ನೆಟ್ಟಗೆ ಮನೆಗೆ ಬಂದು, ಅಡುಗೆಮನೆಯ ಗೂಟದಿಂದ ಮಚ್ಚು ಹಿರಿದುಕೊಂಡು ಹಿತ್ತಿಲಿಗಿಳಿದ.

ಹಳಿಯ ಕಡೆಯ ಕಾಯಿ ಆಗ ಕರುವಿನಷ್ಟಿತ್ತು. ತೊಟ್ಟು ಅವನ ಮಣಿಕಟ್ಟಿನಷ್ಟು ದಪ್ಪ. ಒಂದೇ ಏಟು. ತೊಟ್ಟು ಕಡಿದು ನೀರು ಚಿಮ್ಮಿ ಅವನ ಮುಖಕ್ಕೆ ಹೊಡೆಯಿತು. ಅಷ್ಟಕ್ಕೆ ನಿಲ್ಲಿಸಬಹುದಾಗಿತ್ತು. ಜೀವಮಾನದಲ್ಲೇ ಮೊದಲ ಬಾರಿ ಅವನು ಎರಡನೇ ಏಟು ಹಾಕಿದ, ಮೂರನೆಯದೂ ಹಾಕಿದ. ಆಮೇಲೆ ಎಣಿಸುವವರು ಯಾರು. ಸಿಪ್ಪೆ ಸೀಳಿತು, ತಿರುಳು ನಾರು ನಾರಾಗಿ ತೋಳಿಗೆ ಮೆತ್ತಿತು, ಬೀಜ ಗೋಡೆಗೆ ಬಡಿದು ಅಂಟಿಕೊಂಡವು. ಬಾಯಿಂದ ಎಂಥದೋ ಸದ್ದು ಬರುತ್ತಿತ್ತು, ಅದು ಬೈಗುಳವೂ ಅಲ್ಲ, ಅಳುವೂ ಅಲ್ಲ. ಅಕ್ಕಪಕ್ಕದ ಹಿತ್ತಿಲಿನವರು ಗೋಡೆಯ ಮೇಲೆ ತಲೆ ಎತ್ತಿದವರು ಹಾಗೇ ಇಳಿಸಿಕೊಂಡರು. ಕಾಯಿ ಇದ್ದಲ್ಲಿ ಕೆಸರೊಂದು ಉಳಿದ ಮೇಲೆ ಅವನು ಮಚ್ಚು ಎಸೆದು, ನಲ್ಲಿಯ ಪೈಪು ಎಳೆದು ತಂದು, ಉಳಿದ ಒಂದೇ ಕಾಯಿಯ ಬುಡಕ್ಕೆ ಇಟ್ಟು ಪೂರಾ ತಿರುಗಿಸಿದ. ತಿನ್ನು, ಕುಡಿ, ಊದು.

ಉಪ್ಪಿನಜ್ಜ ಮರುದಿನ ಬೆಳಿಗ್ಗೆ ಸುದ್ದಿ ಕೇಳಿ ಓಡಿ ಬಂದ. ಒದ್ದೆ ನೆಲ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ. ಈ ಗಾತ್ರ ಬಂದ ಮೇಲೆ ಹೀಗಾ ಕೊಯ್ಯೋದು? ತೊಟ್ಟಿಗೆ ದಾರ ಬಿಗಿದು, ದಿನಾ ಒಂದಿಷ್ಟು ಬಿಗಿ ಮಾಡುತ್ತ, ಮೆಲ್ಲಗೆ ಉಸಿರು ಕಟ್ಟಿಸಬೇಕಿತ್ತು. ನೀರೂ ಕಡಿಮೆ ಮಾಡಬೇಕಿತ್ತು. ಎರಡರ ಪಾಲಿನ ರಸ ಈಗ ಇದೊಂದಕ್ಕೇ ನುಗ್ಗುತ್ತದಲ್ಲೋ ಮಾರಾಯ.

“ಮೆಲ್ಲಗೆ ಸಾಯಿಸೋದು ನನಗೆ ಬರಲ್ಲ ಅಜ್ಜ,” ಅಂದ ಒಂದೇಟು.

ಅಜ್ಜ ಪೈಪು ಕಿತ್ತು ಹಾಕಿ, ಕಾಯಿಗೆ ಒದ್ದೆ ಗೋಣಿ ಮುಚ್ಚಿದ. ಇಬ್ಬರೂ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಸಿಪ್ಪೆ ಬಿಗಿದು ಹೊಳೆಯುತ್ತಿತ್ತು, ತಮಟೆಯ ಚರ್ಮದ ಹಾಗೆ. ಹೆಂಡತಿ ಅಂಗಡಿ ತೆಗೆಯಲು ಹೊರಟವಳು ಹಿತ್ತಿಲ ಬಾಗಿಲಲ್ಲಿ ನಿಂತು ಇಣುಕಿದಳು. ಅವಳ ಎದುರಿಗೇ ಢಬ್ ಅಂತು. ಲಾರಿ ಟಯರು ಸಿಡಿದ ಹಾಗೆ. ಗೋಣಿ ಹಾರಿತು. ಕಾಯಿ ನೆತ್ತಿಯಿಂದ ಬುಡದ ತನಕ ಕೈ ತೂರಿಸಬಹುದಾದಷ್ಟು ಅಗಲಕ್ಕೆ ಬಾಯಿ ಬಿಟ್ಟಿತ್ತು, ಒಳಗಿನಿಂದ ಬಿಸಿಬಿಸಿ ಹಸಿ ವಾಸನೆ.

ಬಿರಿದ ಕಾಯನ್ನು ಕಟ್ಟೆಯ ಮೇಲೆ ತೂಗುವುದಿಲ್ಲ. ಅದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅಜ್ಜ ಎದ್ದು, ಯಾರ ಮುಖವನ್ನೂ ನೋಡದೆ ಹೋದ.

ಒಂದೇಟು ಎರಡೂ ಕೈಯಿಂದ ಬಿರುಕನ್ನು ಹಿಡಿದು ಮುಚ್ಚಲು ನೋಡುತ್ತಿದ್ದ, ಹೊಟ್ಟೆ ಬಿರಿದ ಮನುಷ್ಯನನ್ನು ಹಿಡಿದ ಹಾಗೆ.

“ಬಿಡಿ ಅದನ್ನ,” ಅಂದಳು ಹೆಂಡತಿ.

“ಇನ್ನು ಅತ್ತೆ ಬರೋ ಹಾಗಿಲ್ಲ ಕಣೇ.”

“ಯಾಕೆ? ನನ್ನ ತಾಯಿಯನ್ನ ನನ್ನ ಮನೆಗೆ ಕರ್ಕೊಂಡು ಬರೋಕೆ ಕುಂಬಳಕಾಯಿ ಅಪ್ಪಣೆ ಬೇಕಾ? ಬೇಸಿಗೆಯೆಲ್ಲ ನಾನೂ ಅದನ್ನೇ ಕಾಯ್ತಾ ಕೂತೆನಲ್ಲ, ನನಗೆ ನಾನೇ ಹೊಡ್ಕೋಬೇಕು.”

ಹಾಗೆಂದವಳೇ ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದಳು. ಅವನು ತಿರುಳು ಮೆತ್ತಿದ ಕೈಯಲ್ಲೇ ಹಿಂದೆ ಓಡಿದ. ಬೆಳಗಿನ ಹೊತ್ತು, ಅಂಗಡಿಗಳ ಬಾಗಿಲು ಏಳುತ್ತಿದ್ದವು. ಎಲ್ಲರಿಗೂ ಗೊತ್ತಾಯಿತು ಎಲ್ಲಿಗೆ ಅಂತ. ಕೆಲವರು ಹಿಂಬಾಲಿಸಿದರು, ಕೆಲವರು ಬಾಗಿಲು ಅರ್ಧಕ್ಕೇ ನಿಲ್ಲಿಸಿ ನೋಡಿದರು.

ಟಯರು ಹಿತ್ತಿಲಲ್ಲಿ ತನ್ನ ಕಾಯಿಯ ಮೇಲಿನ ಹೊದಿಕೆ ಸರಿಮಾಡುತ್ತಿದ್ದ. ಅಕ್ಕ ಅವನನ್ನು ನೋಡಿಯೂ ನೋಡದವಳ ಹಾಗೆ ಒಳಕೋಣೆಯ ಬಾಗಿಲಿಗೆ ನಡೆದಳು. ಅದಕ್ಕೆ ಹೊರಗಿನಿಂದ ಚಿಲಕ. ಅವಳು ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಟಯರು ಸಲಾಕೆ ಹಿಡಿದು ಓಡಿ ಬಂದು ಜುಟ್ಟು ಹಿಡಿದು ಹಿಂದಕ್ಕೆಳೆದ. ಅವಳು ತಿರುಗಿ ಅವನ ಕೈ ಕಚ್ಚಿದಳು, ಹಲ್ಲು ಮೂಳೆಗೆ ತಾಗುವ ತನಕ. ಅವನು ಸಲಾಕೆಯಿಂದ ಅವಳ ಮೊಣಕಾಲಿಗೆ ಹೊಡೆದ. ಅವಳು ಕುಸಿದಳು.

ಆಮೇಲಿನದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಒಂದೇಟು ಅವನನ್ನು ಎದೆಗವಚಿ ಎತ್ತಿ ಹಿತ್ತಿಲಿಗೆ ತಂದು, ಅವನದೇ ಕುಂಬಳಕಾಯಿಯ ಮೇಲೆ ಬೆನ್ನು ಮಾಡಿ ಕೆಡವಿದ. ಸಲಾಕೆ ಕಿತ್ತುಕೊಂಡ. ಮೊಣಕಾಲನ್ನು ಹೊಟ್ಟೆಯ ಮೇಲೆ ಊರಿದ. ಟಯರಿನ ಮುಖ ಕೆಳಗಿನಿಂದ ನೋಡುತ್ತಿತ್ತು, ಹಗ್ಗ ಕಟ್ಟಿ ನಿಲ್ಲಿಸಿದ ದನದ ಮುಖದಂತೆಯೇ, ಮೂಗಿನ ಹೊಳ್ಳೆ ಅಗಲವಾಗಿ. ಒಂದೇಟಿನವನ ಕಣ್ಣು ತಾನಾಗಿ ಆ ಹಣೆಯ ಮೇಲೆ ಅಡ್ಡಡ್ಡ ಎರಡು ಗೆರೆ ಎಳೆದುಕೊಂಡಿತು. ಕೈ ಮೇಲಕ್ಕೆ ಹೋಯಿತು. ಬೇಲಿಯಾಚೆ ನಿಂತವರು ಕಣ್ಣು ಮುಚ್ಚಿಕೊಂಡರು, ಯಾಕೆಂದರೆ ಆ ಕೈ ಎಂದೂ ತಪ್ಪಿದ್ದಿಲ್ಲ ಅಂತ ಎಲ್ಲರೂ ಬಲ್ಲರು.

“ಅಳಿಯಂದ್ರೇ.”

ಹೆಂಡತಿ ನೆಲದ ಮೇಲೇ ತೆವಳಿಕೊಂಡು ಹೋಗಿ ಚಿಲಕ ತೆಗೆದಿದ್ದಳು. ಮುದುಕಿ ಬಾಗಿಲಲ್ಲಿ ನಿಂತಿದ್ದಳು. ತಲೆಯ ಅರ್ಧಭಾಗ ರಕ್ತ ಒಣಗಿ ಕೂದಲು ಗಂಟಾಗಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು. ಅವಳು ಬಿಡಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ.

“ಅಳಿಯಂದ್ರೇ, ನನ್ನನ್ನ ನಿಮ್ಮ ಮನೆಗೆ ಕರ್ಕೊಂಡು ಹೋಗಿ. ನಡೆಯೋಕಾಗಲ್ಲ. ಬಂದು ಎತ್ಕೊಳ್ಳಿ.”

ಊರಿಗೆಲ್ಲ ಕೇಳುವ ಹಾಗೆ ಹೇಳಿದಳು. ಬೇಸಿಗೆಯೆಲ್ಲ ಕಾಪಾಡಿಕೊಂಡು ಬಂದ ಮಗನ ಮಾನವನ್ನು ಮಗನ ಪ್ರಾಣಕ್ಕೋಸ್ಕರ ಅಲ್ಲೇ ಬೀದಿಗೆ ಚೆಲ್ಲಿದಳು. ಒಂದೇಟಿಗೆ ಅದು ತಿಳಿಯಿತು. ಇವಳು ತನ್ನ ಜೀವಕ್ಕಾಗಿ ಕೇಳಿದ್ದಲ್ಲ ಅಂತಲೂ ತಿಳಿಯಿತು. ಎತ್ತಿದ ಕೈಯನ್ನು ಇಳಿಸುವುದು ಅವನಿಗೆ ಅಭ್ಯಾಸವಿಲ್ಲ. ಹೆಗಲ ಹಳೆಯ ನೋವು ಚಳಕ್ಕೆಂದಿತು. ಸಲಾಕೆಯನ್ನು ಬೇಲಿಯಾಚೆ ಎಸೆದ. ಟಯರು ಕಾಯಿಯ ಮೇಲಿಂದ ಜಾರಿ ಕೂತು, ಕಚ್ಚಿಸಿಕೊಂಡ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಅತ್ತ. ಯಾರೂ ಅವನನ್ನು ಎಬ್ಬಿಸಲಿಲ್ಲ.

ಅತ್ತೆಯನ್ನು ಎತ್ತಿಕೊಂಡಾಗ ಅವನಿಗೆ ಗಾಬರಿಯಾಯಿತು. ಕರುವಿನ ತೂಕವೂ ಇರಲಿಲ್ಲ. ಹೆಂಡತಿಯನ್ನು ತರಕಾರಿಯವಳು ಗಾಡಿಯ ಮೇಲೆ ಸೊಪ್ಪು ಸರಿಸಿ ಕೂರಿಸಿಕೊಂಡಳು. ಹಾಗೆ ಮೆರವಣಿಗೆ ಹೊರಟಿತು. ದಾರಿಯುದ್ದಕ್ಕೂ ಮುದುಕಿ, ಮೆಲ್ಲಗೆ, ಅಲುಗಾಡಿಸಬೇಡಿ, ದನ ಸಾಗಿಸಿದ ಹಾಗೆ ಸಾಗಿಸಬೇಡಿ ಅಂತ ಬೈಯುತ್ತಲೇ ಇದ್ದಳು.

ಮುಚ್ಚಿದ ಕಣ್ಣು ಮತ್ತೆ ತೆರೆಯಲಿಲ್ಲ. ವೈದ್ಯರು ಎಷ್ಟೋ ನೋಡಿದರು, ಬೇಗ ತರಬೇಕಿತ್ತು ಅಂದರು. ಇಸ್ತ್ರಿಯವಳು ಕೋಲೂರಿ ನಿಂತು ಇಸ್ತ್ರಿ ಮಾಡುವುದನ್ನು ಕಲಿತಳು. ಮೇಲೆ ಬಿದ್ದರೂ ಬಿರಿಯದೆ ಉಳಿದ ಟಯರಿನ ಕಾಯನ್ನು ತೂಕದ ದಿನ ಲಾರಿಯವರು ಹೊತ್ತು ತಂದರು, ಅದೇ ಗೆದ್ದಿತು. ಬಿಲ್ಲೆ ತೆಗೆದುಕೊಳ್ಳಲು ಅವನು ಬರಲಿಲ್ಲ, ಬಂದಿದ್ದರೂ ಯಾರೂ ಕೈ ಕುಲುಕುತ್ತಿರಲಿಲ್ಲ. ಕಾಯಿ ಗೆದ್ದ ಸುದ್ದಿ ಕೇಳಿ ಮುದುಕಿಯ ಒಂದೇ ಕಣ್ಣಿನಲ್ಲಿ ಬೆಳಕು ಬಂದು ಹೋದದ್ದನ್ನು ಮಗಳು ನೋಡಿದಳು, ನೋಡಿ ತಟ್ಟೆ ತೊಳೆಯಲು ಎದ್ದು ಹೋದಳು.

ಮುದುಕಿಯ ಮುರಿದ ಬೆರಳಿನ ಪಟ್ಟಿ ಬದಲಾಯಿಸುವ ಕೆಲಸ ಅಳಿಯನದು. ಕೀಲು ಎಲ್ಲಿರುತ್ತದೆ, ಯಾವ ಕಡೆ ಮಡಿಯುತ್ತದೆ ಅವನಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿರಲಿಲ್ಲ. ಒಂದು ಮಧ್ಯಾಹ್ನ ಅವಳ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಹಳೆಯ ಬಟ್ಟೆ ಬಿಚ್ಚುತ್ತಿದ್ದ. ಮುದುಕಿ ಅವನ ನೆತ್ತಿಯನ್ನೇ ನೋಡುತ್ತಿದ್ದಳು.

“ತರಕಾರಿಯವಳನ್ನ ನಾನು ದಿನಾ ಕಿಟಕಿಯಿಂದ ಕೇಳ್ತಿದ್ದೆ,” ಅಂದಳು. “ನಮ್ಮ ಅಳಿಯ ಎಷ್ಟು ಬಿಟ್ಟಿದ್ದಾರೆ ಅಂತ. ಎರಡು ಅನ್ನೋಳು. ಮಾರನೇ ದಿನ ಕೇಳಿದ್ರೂ ಎರಡು. ಆಗಲೇ ಗೊತ್ತಾಯ್ತು ನನಗೆ, ಈ ಬೇಸಿಗೆ ನನ್ನ ಕಥೆ ಇಷ್ಟೇ ಅಂತ.”

ಒಂದೇಟಿಗೆ ಏನಾದರೂ ಹೇಳಬೇಕು ಅನ್ನಿಸಿತು. ಬಾಯಿ ತೆರೆದ. ತಪ್ಪಾಯಿತು ಅನ್ನಲೇ, ಕೈ ಬರಲಿಲ್ಲ ಅನ್ನಲೇ? ಎರಡನ್ನೂ ಅನ್ನಲಾಗದೆ ಹೊಸ ಪಟ್ಟಿಯ ತುದಿ ಹಿಡಿದು ಸುತ್ತತೊಡಗಿದ. ಕೈಗೆ ಅವನಿಗೆ ತಿಳಿಯದ ಹಾಗೆ ಬಲ ಬಂದುಬಿಟ್ಟಿತ್ತು.

ಮುದುಕಿ ಇನ್ನೊಂದು ಕೈ ಎತ್ತಿ ಅವನ ತಲೆಗೆ ಫಟ್ಟನೆ ಕೊಟ್ಟಳು.

“ಮೆಲ್ಲಗೆ,” ಅಂದಳು.

ಅವನು ಪಟ್ಟಿಯನ್ನು ಪೂರ್ತಿ ಬಿಚ್ಚಿ, ಮತ್ತೆ ಮೊದಲಿನಿಂದ ಸುತ್ತಿದ.